ಒಂದೂ ಕುಸ್ತಿ ಗೆಲ್ಲದವಳ ಕಿವಿ

ಕುಸ್ತಿ ಆಡುವವರ ಕಿವಿಯನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ವರ್ಷಗಟ್ಟಲೆ ಮ್ಯಾಟಿಗೆ, ಎದುರಾಳಿಯ ತಲೆಗೆ, ಮೊಣಕೈಗೆ ಉಜ್ಜಿ ಉಜ್ಜಿ ಒಳಗೆ ರಕ್ತ ಕಟ್ಟಿಕೊಂಡು, ಕೊನೆಗೆ ಮಡಿಕೆಗಳೆಲ್ಲ ಮುಚ್ಚಿಹೋಗಿ, ಪುಟ್ಟ ಹೂಕೋಸಿನ ಹಾಗೆ ಗಂಟುಗಂಟಾಗುತ್ತದೆ. ನಮ್ಮ ಅಮ್ಮನ ಎಡಗಿವಿ ಹಾಗಿದೆ. ಅರ್ಧ ಆಯುಷ್ಯ ಕುಸ್ತಿ ಆಡಿ, ಲೆಕ್ಕವಿಲ್ಲದಷ್ಟು ಜನರನ್ನು ಅಂಗಾತ ಕೆಡವಿ ಅವಳು ಸಂಪಾದಿಸಿದ ಕಿವಿ ಅದು. ನನಗೆ ಹನ್ನೆರಡು ವರ್ಷ ತುಂಬಿದ ಮೇಲೆ ಕೆಲವೇ ತಿಂಗಳಲ್ಲಿ ಎರಡೂ ಕಿವಿ ಹಾಗಾದವು. ಅಲ್ಲಿಯವರೆಗೆ ನಾನು ಕೆಡವಿದ್ದು ನೀರಿನ ಲೋಟಗಳನ್ನು ಮಾತ್ರ.

ಅಮ್ಮ ಟೈರ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮಕ್ಕಳಿಗೆ ಕುಸ್ತಿ ಕಲಿಸುತ್ತಿದ್ದಳು. ಕೆಳಗಿನಿಂದ ರಬ್ಬರಿನ ವಾಸನೆ, ಮೇಲಿನಿಂದ ನಮ್ಮ ಬೆವರಿನ ವಾಸನೆ. ಎರಡೂ ಮೆಟ್ಟಿಲ ಮೇಲೆ ಭೇಟಿಯಾಗಿ ಹೊಸಬರನ್ನು ಅರ್ಧ ದಾರಿಯಿಂದಲೇ ವಾಪಸ್ಸು ಕಳಿಸುತ್ತಿದ್ದವು. ನೀಲಿ ಮ್ಯಾಟು, ಅದರ ಹರಕಿಗೆ ಅಂಟಿಸಿದ ಅಗಲ ಟೇಪು, ಗೋಡೆಯ ಮೇಲೆ ಅಮ್ಮನ ಹಳೆಯ ಪದಕಗಳು, ಮೂಲೆಯಲ್ಲಿ ತೂಕದ ಯಂತ್ರ. ಆ ಬಾಗಿಲು ದಾಟಿದರೆ ಅವಳು ಅಮ್ಮನಲ್ಲ, ಮೇಡಂ. ಒಮ್ಮೆ ಮರೆತು "ಅಮ್ಮಾ, ಹಸಿವು" ಅಂದದ್ದಕ್ಕೆ ಎಲ್ಲರ ಮುಂದೆ ಮ್ಯಾಟಿನ ಸುತ್ತ ಕಪ್ಪೆ ಜಿಗಿತ ಹಾಕಿಸಿದ್ದಳು.

ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಅಲ್ಲಿ 'ಚಾಪೆ' ಎಂಬ ಅಡ್ಡಹೆಸರು. ಯಾವಾಗ ನೋಡಿದರೂ ನೆಲದ ಮೇಲೆ ಹಾಸಿಕೊಂಡಿರುತ್ತಿದ್ದೆನಲ್ಲ, ಅದಕ್ಕೆ. ಹೆಸರಿಟ್ಟವಳು ನನ್ನ ಅಭ್ಯಾಸದ ಜೊತೆಗಾತಿ ಇಕ್ಕಳ. ಅವಳದೂ ಅಡ್ಡಹೆಸರೇ. ಅವಳು ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ನನ್ನ ವಯಸ್ಸಿನವಳೇ, ನನ್ನ ಎತ್ತರದವಳೇ. ಆದರೆ ಅವಳು ಗೆಲ್ಲುತ್ತಿದ್ದಳು.

ನನ್ನ ಸೋಲಿಗೂ ಒಂದು ಕ್ರಮವಿತ್ತು. ಪಂದ್ಯದ ದಿನ ಬೆಳಿಗ್ಗೆಯೇ ಹೊಟ್ಟೆ ಹಿಂಡಲು ಶುರು. ಶೌಚಾಲಯಕ್ಕೆ ಓಟ. ಬಂದು ಕೂರುವಷ್ಟರಲ್ಲಿ ಮತ್ತೆ ಓಟ. ಹೆಸರು ಕೂಗುವಾಗ ನಾನು ಒಳಗೆ, ಅಮ್ಮ ಹೊರಗೆ ಬಾಗಿಲು ಬಡಿಯುತ್ತಾ. ಕೊನೆಗೆ ಮ್ಯಾಟಿನ ಮೇಲೆ ನಿಂತರೆ ಕಾಲಲ್ಲಿ ತ್ರಾಣವೇ ಇರುತ್ತಿರಲಿಲ್ಲ. ರೆಫರಿ ಸೀಟಿ ಊದಿದ ಗಾಳಿಗೇ ಉರುಳಿದೆನೋ ಎಂಬಂತೆ ಉರುಳುತ್ತಿದ್ದೆ. ಪುಕ್ಕಲಿ ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ಮರುಮಾತಿಲ್ಲದೆ ಒಪ್ಪಿಕೊಂಡೆ. ಪಂದ್ಯವಿಲ್ಲದ ದಿನವೂ ಹೊಟ್ಟೆ ಹಿಂಡುತ್ತಿತ್ತು ನಿಜ. ಅದಕ್ಕೂ ನನ್ನ ಬಳಿ ವಿವರಣೆಯಿತ್ತು: ನಾನು ಎಂಥ ಪುಕ್ಕಲಿ ಎಂದರೆ, ಮುಂದಿನ ತಿಂಗಳ ಪಂದ್ಯಕ್ಕೆ ಈ ತಿಂಗಳೇ ಹೆದರಿಕೊಂಡು ಮುಗಿಸುತ್ತಿದ್ದೆ.

ಒಂದು ರಜೆಯ ದಿನ ಬೆಳಿಗ್ಗೆ ಎದ್ದಾಗ ಬಲಗಿವಿ ದಿಂಬಿಗೆ ತಗುಲಿ ಜೀವ ಹೋದ ಹಾಗಾಯಿತು. ಕನ್ನಡಿಯಲ್ಲಿ ನೋಡಿದರೆ ಕೆಂಪಗೆ ಊದಿ, ಮಡಿಕೆಗಳೇ ಕಾಣುತ್ತಿರಲಿಲ್ಲ. ಅಪ್ಪ ಬೇಕರಿಯಲ್ಲಿ ನಸುಕಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. ಮೈದಾ ಹಿಟ್ಟು ಮೆತ್ತಿದ ಬೆರಳಿನಿಂದ ಮುಟ್ಟಿ ನೋಡಿದ.

"ಇದೇನೇ ಇದು, ಒಲೆಯಿಂದ ಈಗ್ತಾನೆ ತೆಗೆದ ಬನ್ನಿನ ಹಾಗೆ ಕಾಯ್ತಾ ಇದೆ? ಏನಾದ್ರೂ ಕಚ್ಚಿತಾ?"

"ಗೊತ್ತಿಲ್ಲಪ್ಪ" ಅಂದೆ. ಆಗ ನಿಜ ಹೇಳಿದ್ದೆ. ಅದರ ನಂತರ ಬಹಳ ದಿನ ಹೇಳಲಿಲ್ಲ.

ಸಂಜೆ ಮ್ಯಾಟಿಗೆ ಹೋದಾಗ ಮೊದಲು ಕಂಡದ್ದು ಇಕ್ಕಳಕ್ಕೆ. "ಏಯ್, ನೋಡ್ರೇ ಇವಳ ಕಿವಿ! ಪೈಲ್ವಾನ್ ಕಿವಿ ಬಂದ್ಬಿಟ್ಟಿದೆ!" ಎಂದು ಕಿರುಚಿದಳು. ಎಲ್ಲರೂ ಸುತ್ತ ಮುತ್ತಿಕೊಂಡರು. ಅಮ್ಮ ಗುಂಪು ಸರಿಸಿ ಬಂದು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಅವಳು ನನ್ನನ್ನು ಹಾಗೆ ನೋಡಿದ್ದು ನಾನು ಕಂಡಿರಲಿಲ್ಲ. ತನ್ನ ಎಡಗಿವಿಯನ್ನು ತಾನೇ ಒಮ್ಮೆ ಸವರಿಕೊಂಡಳು.

"ಯಾವಾಗ ಬಿತ್ತು ಪೆಟ್ಟು?"

"ನಿನ್ನೆ, ಇಕ್ಕಳ ಕತ್ತಿನ ಪಟ್ಟು ಹಾಕಿದ್ಲಲ್ಲ ಮೇಡಂ, ಆವಾಗ."

ಇಕ್ಕಳ ಕತ್ತಿನ ಪಟ್ಟು ಹಾಕಿದ್ದೇನೋ ಹೌದು. ಆದರೆ ಅವಳ ತೋಳು ನನ್ನ ಕಿವಿಯ ಹತ್ತಿರ ಬರುವ ಮುಂಚೆಯೇ ನಾನು ನೆಲಕ್ಕೆ ಬಿದ್ದಾಗಿತ್ತು.

"ಬಿಡಿಸ್ಕೊಳ್ಳೋಕೆ ಒದ್ದಾಡಿದ್ಯಾ?"

"ತುಂಬಾ."

ಅಮ್ಮ ಹೋಗಿ ಐಸ್ ತಂದು ಬಟ್ಟೆಯಲ್ಲಿ ಸುತ್ತಿ ಕಿವಿಗೆ ಒತ್ತಿ ಹಿಡಿದಳು. ಮ್ಯಾಟಿನ ಮೇಲೆ, ಎಲ್ಲರೆದುರು, ಮೇಡಂ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇದಕ್ಕಾಗಿ ಇನ್ನೊಂದು ಕಿವಿಯೂ ಊದಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನ ಬೇಡಿಕೆಗಳಲ್ಲಿ ಈಡೇರಿದ್ದು ಅದೊಂದೇ.

ಆವತ್ತಿನಿಂದ ಚಾಪೆ ಹೋಗಿ ಹೂಕೋಸು ಬಂತು. ಚಿಕ್ಕ ಮಕ್ಕಳು ಮುಟ್ಟಿ ನೋಡಲು ಸಾಲಾಗಿ ನಿಲ್ಲುತ್ತಿದ್ದರು. ನೋವು ತಡೆಯಲಾಗದಷ್ಟಿದ್ದರೂ ಹಲ್ಲು ಕಚ್ಚಿ ಮುಟ್ಟಿಸಿಕೊಳ್ಳುತ್ತಿದ್ದೆ. ಕಿವಿ ಹೇಗಾಯಿತು ಎಂದು ಕೇಳಿದವರಿಗೆಲ್ಲ ಒಂದೊಂದು ಕುಸ್ತಿಯ ಕಥೆ. ಪ್ರತಿ ಸಲವೂ ಎದುರಾಳಿಯ ತೂಕ ಸ್ವಲ್ಪ ಸ್ವಲ್ಪ ಹೆಚ್ಚುತ್ತಿತ್ತು. ಹೀಗೆ ಇಡೀ ಬೀದಿಯ ಕಿವಿಗೆ ಹೂವಿಟ್ಟು, ನನ್ನ ಕಿವಿಗೆ ಹೂಕೋಸು ಇಟ್ಟುಕೊಂಡು ಮೆರೆದೆ.

ಬೀದಿಯ ಕೊನೆಯ ದವಾಖಾನೆಯ ಡಾಕ್ಟರು ಮಾತ್ರೆ ಕೊಟ್ಟರು. ಕಿವಿ ಇಳಿಯಿತು. ಮತ್ತೆ ಊದಿತು. ಆಮೇಲೆ ಎಡಗಿವಿಗೂ ಬಂತು. ಅಮ್ಮ ತಲೆಗೆ ಹಾಕುವ ಮೆತ್ತನೆಯ ಕಿವಿಗವಸು ತಂದುಕೊಟ್ಟಳು. "ಇಷ್ಟು ಬೇಗ ಎರಡೂ ಕಡೆ ಆಗೋದು ನಾನು ನೋಡಿಲ್ಲ" ಎಂದು ಒಂದು ಸಲ ಅಂದಳು. ಅಂದು, ನನ್ನ ಮುಖ ನೋಡಿ, ಬೆನ್ನು ತಟ್ಟಿದಳು. ಮಗಳು ಕೊನೆಗೂ ಒದ್ದಾಡಲು ಕಲಿತಳಲ್ಲ ಎಂಬ ಸಂತೋಷ ಅವಳ ಅನುಮಾನದ ಬಾಯಿ ಮುಚ್ಚಿಸಿತ್ತು.

ಅಷ್ಟರಲ್ಲಿ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಮೇಲೆ, ಕೆಂಪು ಗಂಟುಗಳು ಎದ್ದವು. ಮುಟ್ಟಿದರೆ ಬಿಸಿ, ಒತ್ತಿದರೆ ನೋವು. ಕೆಲವು ದಿನಕ್ಕೆ ನೇರಳೆಯಾಗಿ, ಆಮೇಲೆ ಹಸಿರು ಹಳದಿಯಾಗಿ, ಥೇಟು ಪೆಟ್ಟು ಬಿದ್ದ ಗುರುತಿನ ಹಾಗೆ ಮಾಸುತ್ತಿದ್ದವು. ಕುಸ್ತಿ ಆಡುವವಳ ಕಾಲಿನಲ್ಲಿ ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ನಾನಂತೂ ಅವಕ್ಕೂ ಒಂದೊಂದು ಕಥೆ ಕಟ್ಟಿದೆ.

ತೂಕವೂ ಇಳಿಯುತ್ತಿತ್ತು. ಮೂವತ್ತೊಂಬತ್ತು ಕೆಜಿ ವಿಭಾಗದಲ್ಲಿ ಸೋಲುತ್ತಿದ್ದವಳು ಮೂವತ್ತಾರಕ್ಕೆ ಬಂದೆ. ಉಳಿದ ಹುಡುಗಿಯರು ತೂಕ ಇಳಿಸಲು ಸ್ವೆಟರ್ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿದು ಸಾಯುತ್ತಿದ್ದಾಗ, ನಾನು ಕೂತಲ್ಲೇ ಇಳಿಸಿಬಿಟ್ಟೆ. "ಒಳ್ಳೇದೇ ಆಯ್ತು, ಚಿಕ್ಕವರ ಜೊತೆ ಆಡಿದ್ರೆ ಒಂದಾದ್ರೂ ಗೆಲ್ತೀಯ" ಅಂದಳು ಅಮ್ಮ. ಅಪ್ಪನಿಗೆ ಮಾತ್ರ ಅದನ್ನು ಸಹಿಸಲಾಗಲಿಲ್ಲ. "ಬೇಕರಿಯವನ ಮಗಳು ಕಡ್ಡಿ ಹಾಗಿದ್ರೆ ಜನ ನನ್ನ ಬ್ರೆಡ್ಡು ತಗೋತಾರಾ?" ಎಂದು ಎರಡೆರಡು ಬನ್ನು ತಟ್ಟೆಗೆ ಹಾಕುತ್ತಿದ್ದ. ಅರ್ಧ ತಿನ್ನುವಷ್ಟರಲ್ಲಿ ಹೊಟ್ಟೆ ಹಿಂಡುತ್ತಿತ್ತು.

ಇಷ್ಟೇ ಆಗಿದ್ದರೆ ಹೇಗೋ. ಶೌಚದಲ್ಲಿ ರಕ್ತವೂ ಕಾಣಿಸಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಯಾಕೆ ಎಂದರೆ ಈಗ ಹೇಳಲಿಕ್ಕೂ ನಾಚಿಕೆ. ಹುಡುಗಿಯರು ದೊಡ್ಡವರಾಗುವಾಗ ರಕ್ತ ಬರುತ್ತದೆ ಎಂದು ಶಾಲೆಯಲ್ಲಿ ಟೀಚರ್ ಹೇಳಿದ್ದರು. ನನ್ನದು ದಾರಿ ತಪ್ಪಿ ಬಂದಿದೆ, ಇಲ್ಲೂ ನಾನು ಎಡವಟ್ಟು ಮಾಡಿಕೊಂಡಿದ್ದೇನೆ ಎಂದುಕೊಂಡೆ. ಎಲ್ಲರಿಗೂ ಸರಿಯಾಗಿ ಬರುವುದು ನನಗೊಬ್ಬಳಿಗೆ ತಪ್ಪಾಗಿ ಬಂದಿದೆ ಎಂದು ಯಾರ ಹತ್ತಿರ ಹೇಳುವುದು?

ಜಿಲ್ಲಾ ಮಟ್ಟದ ಪಂದ್ಯ ಬಂತು. ದೊಡ್ಡ ಒಳಾಂಗಣ ಕ್ರೀಡಾಂಗಣ, ಮೂರು ಮ್ಯಾಟು, ಕಿವಿಗಡಚಿಕ್ಕುವ ಧ್ವನಿವರ್ಧಕ. ಕುಸ್ತಿಯಲ್ಲಿ ತೂಕ ನೋಡುವ ಮುಂಚೆ ಚರ್ಮದ ತಪಾಸಣೆ ಮಾಡುತ್ತಾರೆ. ಮೈಗೆ ಮೈ ಉಜ್ಜುವ ಆಟವಲ್ಲವೇ, ಒಬ್ಬರ ಗಜಕರ್ಣ ಇನ್ನೊಬ್ಬರಿಗೆ ಹತ್ತಬಾರದು ಎಂದು. ಪರದೆ ಕಟ್ಟಿದ ಮೂಲೆಯಲ್ಲಿ ಚರ್ಮದ ಡಾಕ್ಟರಮ್ಮ ಒಬ್ಬರು ಸ್ಟೂಲಿನ ಮೇಲೆ ಕೂತು ಒಬ್ಬೊಬ್ಬರನ್ನೇ ತಿರುಗಿಸಿ ನೋಡಿ "ಹೋಗು", "ಹೋಗು" ಅನ್ನುತ್ತಿದ್ದರು. ನನ್ನ ಹಿಂದೆ ಇಕ್ಕಳ ನಿಂತಿದ್ದಳು. ಪಕ್ಕದಲ್ಲಿ ಅಮ್ಮ.

ನನ್ನ ಸರದಿ ಬಂದಾಗ "ಹೋಗು" ಬರಲಿಲ್ಲ.

"ಇದೇನಮ್ಮ ಕಾಲಲ್ಲಿ?"

"ಪ್ರಾಕ್ಟೀಸಲ್ಲಿ ಪೆಟ್ಟು ಬಿದ್ದಿದ್ದು, ಡಾಕ್ಟ್ರೇ."

"ಇಷ್ಟೊಂದಾ? ಎರಡೂ ಕಾಲಿಗೆ, ಒಂದೇ ಜಾಗಕ್ಕಾ?" ಎಂದವರೇ ಒಂದು ಗಂಟನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಸ್ಟೂಲು, ಡಾಕ್ಟರಮ್ಮ ಎಲ್ಲ ಸೇರಿ ಬೀಳುವ ಹಾಗೆ ನೆಗೆದೆ. ಆಮೇಲೆ ಅವರು ಕಿವಿ ಹಿಡಿದರು. ಕೆಳಗೆ, ಓಲೆ ಹಾಕುವ ಜಾಗವನ್ನು ಹಿಂಡಿದರು. "ಇಲ್ಲಿ ನೋವಾ?" ಇಲ್ಲ. ಮೇಲೆ, ಮೆತ್ತನೆ ಎಲುಬಿರುವ ಕಡೆ ಬೆರಳು ತಾಗಿಸಿದರು. ಕಣ್ಣಲ್ಲಿ ನೀರು ಬಂತು.

"ಪೆಟ್ಟು ಬಿದ್ದು ಹೀಗಾಗಿದೆ ಅಂತ ಯಾರು ಹೇಳಿದ್ದು?"

"ನಾನೇ ಇವಳ ಕೋಚ್" ಅಂದಳು ಅಮ್ಮ, ತನ್ನ ಎಡಗಿವಿಯನ್ನೇ ಸಾಕ್ಷಿಗೆ ಮುಂದೆ ಮಾಡಿ. "ಕುಸ್ತಿ ಕಿವಿ ನಮಗೆ ಗೊತ್ತಿಲ್ವಾ ಡಾಕ್ಟ್ರೇ?"

"ನಿಮ್ಮದು ಕುಸ್ತಿ ಕಿವೀನೇ, ಒಪ್ಪಿದೆ. ನಿಮ್ಮದು ಗಟ್ಟಿಯಾಗಿದೆ, ತಣ್ಣಗಿದೆ. ಇವಳದು ಮುಟ್ಟಿ ನೋಡಿ, ಕುದೀತಿದೆ. ಬಾಯಿ ತೆಗಿ ಪುಟ್ಟಿ." ನಾನು ಬಾಯಿ ತೆರೆದೆ. ಒಳಗೆ ಹುಣ್ಣುಗಳಿದ್ದವು. "ಹೊಟ್ಟೆ ನೋವು ಬರುತ್ತಾ? ಬಾತ್‌ರೂಮಿಗೆ ಹೋಗೋದೆಲ್ಲ ಸರಿಯಾಗಿದೆಯಾ?"

ಪರದೆಯ ಆಚೆ ಸಾಲು ಸಾಲು ಹುಡುಗಿಯರು ನಿಂತಿದ್ದರು. ಅವರಲ್ಲಿ ನನ್ನನ್ನು ಕೆಡವಿದವರು ಇದ್ದರು, ಇನ್ನು ಮುಂದೆ ಕೆಡವಲಿರುವವರೂ ಇದ್ದರು. ಇಷ್ಟು ಜನರ ಮುಂದೆ ಇಂಥ ಪ್ರಶ್ನೆ!

"ಎಲ್ಲ ಸರಿಯಾಗಿದೆ" ಅಂದೆ.

"ಸುಳ್ಳು ಡಾಕ್ಟ್ರೇ!" ಪರದೆ ಸರಿಸಿ ಇಕ್ಕಳದ ತಲೆ ಒಳಗೆ ಬಂತು. "ಕುಸ್ತಿ ಇದ್ರೂ ಓಡ್ತಾಳೆ, ಕುಸ್ತಿ ಇಲ್ಲದಿದ್ರೂ ಓಡ್ತಾಳೆ. ನಾನು ಪಟ್ಟು ಹಾಕಿರೋವಾಗ್ಲೇ 'ಬಿಡೇ, ಅರ್ಜೆಂಟು' ಅಂತ ಬಿಡಿಸ್ಕೊಂಡು ಓಡಿದ್ದಾಳೆ. ನನ್ನ ಹಿಡಿತದಿಂದ ಬಿಡಿಸ್ಕೊಂಡವಳು ಅಂದ್ರೆ ಇವಳೊಬ್ಬಳೇ."

ನನ್ನ ಕುಸ್ತಿಯ ಜೀವನದಲ್ಲಿ ಎದುರಾಳಿಯೊಬ್ಬಳು ನನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಡಾಕ್ಟರಮ್ಮ ನಗಲಿಲ್ಲ. ಅಮ್ಮನ ಕಡೆ ತಿರುಗಿ, "ಇವಳನ್ನ ನಾನು ಇವತ್ತು ಮ್ಯಾಟಿಗೆ ಬಿಡಲ್ಲ" ಅಂದರು.

"ಯಾಕೆ? ಅಂಟು ಕಾಯಿಲೆನಾ?"

"ಅಂಟೋದಲ್ಲ. ಆದ್ರೂ ಬಿಡಲ್ಲ. ನಾಳೆ ಇವಳನ್ನ ಕರ್ಕೊಂಡು ನನ್ನ ಕ್ಲಿನಿಕ್ಕಿಗೆ ಬನ್ನಿ. ಇದು ಬರೀ ಚರ್ಮದ ವಿಷಯ ಅಂತ ನನಗನ್ನಿಸ್ತಿಲ್ಲ."

ಅಮ್ಮ ವಾದ ಮಾಡಿದಳು. ಆಯೋಜಕರನ್ನು ಕರೆದಳು. ಬಸ್ಸು ಹತ್ತಿ ಬಂದದ್ದು, ಮಗಳು ತೂಕ ಇಳಿಸಿದ್ದು ಎಲ್ಲ ಹೇಳಿದಳು. ತೂಕ ಇಳಿಸಿದ್ದು ಎಂದಾಗ ಡಾಕ್ಟರಮ್ಮ "ಎಷ್ಟು? ಎಷ್ಟು ದಿನದಲ್ಲಿ?" ಎಂದು ಕೇಳಿದರು. ಉತ್ತರ ಹೇಳುತ್ತಾ ಹೇಳುತ್ತಾ ಅಮ್ಮನ ದನಿ ಇಳಿಯಿತು. ನಾನೋ? ಒಳಗೊಳಗೇ ಕುಣಿಯುತ್ತಿದ್ದೆ. ಕುಸ್ತಿ ಇಲ್ಲ! ಡಾಕ್ಟರೇ ಬೇಡ ಅಂದಿದ್ದಾರೆ! ಮುಖವನ್ನು ಮಾತ್ರ ಆದಷ್ಟು ಜೋಲು ಹಾಕಿಕೊಂಡು, ಗ್ಯಾಲರಿಯಲ್ಲಿ ಕೂತು, ಆಡಬೇಕೆಂದು ಹಂಬಲಿಸುವವಳಂತೆ ನಿಟ್ಟುಸಿರು ಬಿಟ್ಟೆ.

ಮರುದಿನ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಅಮ್ಮನನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಮಾತಾಡಿಸಿದರು. ಅಲ್ಲಿ ಸಾಲು ಇರಲಿಲ್ಲ, ಇಕ್ಕಳ ಇರಲಿಲ್ಲ. ರಕ್ತದ ವಿಷಯ ಹೇಳಿದೆ. ದಾರಿ ತಪ್ಪಿ ಬಂದಿರಬೇಕು ಎಂಬ ನನ್ನ ಅಭಿಪ್ರಾಯವನ್ನೂ ಹೇಳಿದೆ. ಅವರು ಬಹಳ ಹೊತ್ತು ಕೆಳಗೆ ನೋಡುತ್ತಾ ಪೆನ್ನಿನ ಮುಚ್ಚಳ ಹುಡುಕಿದರು. ನಗು ತಡೆಯುತ್ತಿದ್ದರೋ ಅಳುವೋ ಗೊತ್ತಾಗಲಿಲ್ಲ. ಆಮೇಲೆ ನನ್ನ ತಲೆ ಸವರಿ, "ನೀನು ದಡ್ಡಿ ಅಲ್ಲ ಪುಟ್ಟಿ. ಹೇಳಿದ್ಯಲ್ಲ, ಅದೇ ದೊಡ್ಡ ಕೆಲಸ" ಎಂದರು.

ಅಲ್ಲಿಂದ ಮಕ್ಕಳ ಹೊಟ್ಟೆ ಡಾಕ್ಟರ ಹತ್ತಿರ ಕಳಿಸಿದರು. ಮುಂದಿನ ದಿನಗಳ ಮಾನ ಮರ್ಯಾದೆಯ ಕಥೆ ಹೇಳುವುದೇ ಬೇಡ. ಪರೀಕ್ಷೆಗೆ ಕೊಡುವ ಮಲದ ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟದ್ದು, ಅಪ್ಪ ಅದನ್ನು ಬೇಕರಿಯ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುವಾಗ ಪಕ್ಕದವರು "ಏನ್ರೀ, ಬಿಸಿ ಬಿಸೀನಾ?" ಎಂದು ಕೇಳಿದ್ದು; ಕೊಳವೆ ಕ್ಯಾಮೆರಾ ಹಾಕಿ ಕರುಳು ನೋಡುವ ಹಿಂದಿನ ದಿನ ಹೊಟ್ಟೆ ತೊಳೆಯಲೆಂದು ಜಗ್ಗುಗಟ್ಟಲೆ ಔಷಧಿ ನೀರು ಕುಡಿಸಿದ್ದು. ಅಲ್ಲಿಯವರೆಗೆ ನಾನು ಶೌಚಾಲಯಕ್ಕೆ ಓಡುವುದರಲ್ಲಿ ಪಳಗಿದವಳು ಎಂಬ ಭ್ರಮೆಯಲ್ಲಿದ್ದೆ. ಆ ದಿನ ನನ್ನ ಹಳೆಯ ದಾಖಲೆಗಳೆಲ್ಲ ಪುಡಿಪುಡಿಯಾದವು.

ಹೊಟ್ಟೆ ಡಾಕ್ಟರು ಎತ್ತರದ, ಮೆಲ್ಲಗೆ ಮಾತಾಡುವ ಮನುಷ್ಯ. ಅಪ್ಪ, ಅಮ್ಮ, ನಾನು ಮೂವರೂ ಎದುರಿಗೆ ಕೂತಿದ್ದೆವು.

"ಇದರ ಹೆಸರು ಕ್ರೋನ್ಸ್" ಅಂದರು.

"ಕೋನ್ಸಾ?" ಅಂದೆ ನಾನು. ಐಸ್‌ಕ್ರೀಮು ಜಾಸ್ತಿ ತಿಂದದ್ದಕ್ಕೆ ಬಂತೇನೋ ಎಂದು ಎದೆ ಧಸಕ್ ಎಂದಿತ್ತು.

"ಕ್ರೋನ್ಸ್. ಕರುಳಿನ ಉರಿಯೂತ. ಮೈ ಕಾಯಬೇಕಾದ ಪಡೆಯೇ ಮೈ ಮೇಲೆ ತಿರುಗಿ ಬೀಳುತ್ತೆ. ದೊಡ್ಡ ಗಲಾಟೆ ಕರುಳಲ್ಲಿ ನಡೀತಿದೆ. ಕಾಲಲ್ಲಿ, ಬಾಯಲ್ಲಿ, ಕಿವೀಲಿ ನಡೀತಿರೋದು ಅದರ ಮರಿ ಗಲಾಟೆ. ಕಾಲಿನ ಗಂಟು ಆಗಾಗ ನೋಡ್ತೀವಿ. ಮಕ್ಕಳ ಕಿವೀಲಿ ಹೀಗೆ ಕಾಣಿಸ್ಕೊಳ್ಳೋದು ಮಾತ್ರ ಬಹಳ ಅಪರೂಪ."

ಅಪರೂಪ ಎಂದು ಕೇಳಿ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಜೀವನದಲ್ಲಿ ಒಂದು ವಿಷಯದಲ್ಲಾದರೂ ಮುಂದೆ ಬಂದೆನಲ್ಲ.

"ಡಾಕ್ಟ್ರೇ, ಹೊಟ್ಟೆಕಿಚ್ಚಿನಿಂದ ಇದು ಬರುತ್ತಾ?" ಎಂದು ಕೇಳಿದೆ. ಇಕ್ಕಳದ ಪದಕಗಳನ್ನು ನೋಡಿ ನಾನು ಉರಿದುಕೊಂಡದ್ದು ಕಡಿಮೆಯೇನಲ್ಲ.

"ಹಾಗೆ ಬರೋ ಹಾಗಿದ್ರೆ ಈ ಆಸ್ಪತ್ರೆಯ ಡಾಕ್ಟರುಗಳಿಗೆಲ್ಲ ಬಂದಿರ್ತಿತ್ತು" ಅಂದರು ಅವರು. "ಯಾರ ತಪ್ಪಿನಿಂದಲೂ ಬರಲ್ಲ ಮಗು. ಬನ್ನು ತಿಂದಿದ್ದಕ್ಕಲ್ಲ, ಕುಸ್ತಿ ಆಡಿದ್ದಕ್ಕಲ್ಲ. ಬೇರುಸಹಿತ ಹೋಗುತ್ತೆ ಅಂತ ಹೇಳಲ್ಲ. ಹದ್ದುಬಸ್ತಿನಲ್ಲಿ ಇಡಬಹುದು."

"ಮತ್ತೆ ಹೆದರಿಕೆ?" ಅಂದೆ. "ಪಂದ್ಯಕ್ಕೆ ಮುಂಚೆ ಹೊಟ್ಟೆ ಹಿಂಡೋದು?"

"ಅದೂ ಇದೇ. ಬಹಳ ದಿನದಿಂದ ಇದ್ದಿರಬೇಕು."

ಆ ಮಾತು ಕೇಳಿದ್ದೇ ಅಮ್ಮ ಎದ್ದು ಹೊರಗೆ ಹೋದಳು. ನಾನು ಹಿಂದೆ ಹೋದೆ. ಕಾರಿಡಾರಿನ ಬೆಂಚಿನ ಮೇಲೆ, ಎರಡೂ ಕೈ ಮೊಣಕಾಲಿಗೆ ಊರಿ, ಸೋತವರು ಕೂರುವ ಹಾಗೆ ಕೂತಿದ್ದಳು. ಅವಳನ್ನು ಹಾಗೆ ನಾನು ಫೋಟೋದಲ್ಲೂ ನೋಡಿರಲಿಲ್ಲ.

"ಬಾಗಿಲು ಬಡೀತಾ ನಿಂತಿರ್ತಿದ್ದೆ ಕಣೇ ನಾನು" ಅಂದಳು. "ಒಳಗೆ ನಿನಗೆ ಹಾಗಾಗ್ತಿದ್ರೆ, ಹೊರಗೆ ನಿಂತು 'ಹೇಡಿ, ಬಾ ಹೊರಗೆ' ಅಂತಿದ್ದೆ. ಕೋಚಿಗೆ ಗೊತ್ತಾಗದೆ ಹೋಗ್ಲಿ. ಅಮ್ಮಂಗೆ ಗೊತ್ತಾಗ್ಬೇಕಿತ್ತು."

"ನಾನೇ ಹೇಳ್ಲಿಲ್ವಲ್ಲ, ಅಮ್ಮ."

"ಯಾಕೆ ಹೇಳ್ಲಿಲ್ಲ?"

'ಐಸ್ ಒತ್ತಿ ಹಿಡಿದು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆಯಲ್ಲ, ಅದು ತಪ್ಪಿಹೋಗುತ್ತೆ ಅಂತ' ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. "ಮೇಡಂಗೆ ಹೆದರಿಕೊಂಡು" ಅಂದೆ. ಅಮ್ಮ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಸೆರಗೂ ಇಲ್ಲ, ಕರವಸ್ತ್ರವೂ ಇಲ್ಲ. ತೊಟ್ಟಿದ್ದ ಟ್ರ್ಯಾಕ್ ಸೂಟಿನ ತೋಳಿಗೇ ಮೂಗು ಒರೆಸಿಕೊಂಡಳು.

ಮೊದಲ ಚಿಕಿತ್ಸೆ ಎಂದರೆ ಊಟ ಬಿಡುವುದು. ಕರುಳಿಗೆ ವಿಶ್ರಾಂತಿ ಕೊಡಲು ಕೆಲವು ವಾರ ಬರೀ ಔಷಧಿ ಅಂಗಡಿಯ ಪುಡಿ ಕಲಸಿದ ಹಾಲಿನಂಥ ದ್ರವ ಮಾತ್ರ. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ರಾತ್ರಿಯೂ ಅದೇ. ಬೇಕರಿಯವನ ಮಗಳಿಗೆ! ಅಪ್ಪ ಮನೆಗೆ ಬ್ರೆಡ್ಡು ತರುವುದನ್ನೇ ನಿಲ್ಲಿಸಿದ. ಬರುವ ಮುಂಚೆ ಬೇಕರಿಯಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರುತ್ತಿದ್ದ, ನನಗೆ ಬನ್ನಿನ ವಾಸನೆ ಬಾರದಿರಲಿ ಎಂದು. ನಾನು ಅವನನ್ನು ಅಪ್ಪಿಕೊಂಡು ಕತ್ತಿನ ಮಡಿಕೆಯಲ್ಲಿ ಮೂಗಿಟ್ಟು ಉಳಿದ ವಾಸನೆಯನ್ನು ಹುಡುಕುತ್ತಿದ್ದೆ. ಒಂದು ದಿನ "ಒಬ್ಬಳೇ ಕುಡಿಯೋದು ಬೇಜಾರಲ್ವಾ, ನಾನೂ ಕುಡೀತೀನಿ" ಎಂದು ಒಂದು ಲೋಟ ಎತ್ತಿದ. ಎರಡನೆಯ ಗುಟುಕಿಗೆ ಅವನ ಮುಖ ಕಂಡು ನಾನು ನಗುತ್ತಾ ನನ್ನ ಲೋಟ ಚೆಲ್ಲಿದೆ. "ಸಿಮೆಂಟಿಗೆ ಸಕ್ಕರೆ ಹಾಕಿದ ಹಾಗಿದೆ" ಅಂದ. ಆದರೂ ಮುಗಿಸಿದ. ಅದು ಅವನ ಮೊದಲ ಲೋಟ, ಕೊನೆಯದೂ ಅದೇ.

ಅದರ ಜೊತೆ ಮಾತ್ರೆ. ಆಮೇಲೆ ಕೆಲವು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕೂತು ಕೈಗೆ ಹನಿಹನಿಯಾಗಿ ಔಷಧಿ ಹಾಕಿಸಿಕೊಳ್ಳುವುದು. ಹೊಟ್ಟೆ ಸುಮ್ಮನಾಯಿತು. ಕಾಲಿನ ಗಂಟುಗಳು ಮಾಸಿದವು. ಇನ್ನು ಕಿವಿ! ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನೋಡುತ್ತಿದ್ದೆ. ಊತ ಇಳಿದು, ಕಳೆದುಹೋದ ಮಡಿಕೆಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಎಲ್ಲರಿಗೂ ಸಂತೋಷ. ನನಗೆ ಮಾತ್ರ ಪದವಿ ಕಳೆದುಕೊಂಡ ಮಂತ್ರಿಯಂಥ ಸಂಕಟ. ಕೊನೆಗೆ ಉಳಿದದ್ದು ಯಾರಿಗೆ ಬೇಕಾದರೂ ಇರಬಹುದಾದ ಒಂದು ಜೊತೆ ಸಾಧಾರಣ ಕಿವಿ.

ಇಕ್ಕಳ ನೋಡಲು ಬಂದಳು. ಬಾಗಿಲಲ್ಲೇ ನಿಂತು, ಯಾವತ್ತೂ ಇಲ್ಲದ ಹಾಗೆ ಕಾಲಿನಿಂದ ನೆಲ ಕೆರೆಯುತ್ತಿದ್ದಳು.

"ಒಂದು ಮಾತು ಹೇಳ್ಬೇಕು, ಬೈಬಾರ್ದು" ಅಂದಳು. "ನಿನ್ನ ಕಿವಿ ನಾನೇ ಮಾಡಿದ್ದು ಅಂತ ನಮ್ಮ ಶಾಲೇಲೆಲ್ಲ ಹೇಳ್ಕೊಂಡು ಓಡಾಡಿದ್ದೆ. ನನ್ನ ಪಟ್ಟಿಗೆ ಕಿವಿ ಕರಗಿ ಹೋಯ್ತು ಅಂತ. ಮೂರು ಜನ ನನ್ನ ಜೊತೆ ಆಡೋಕೆ ಹೆದರಿಕೊಂಡು ಬರ್ಲೇ ಇಲ್ಲ."

"ನಾನೂ ಹಾಗೇ ಹೇಳಿದ್ದು" ಅಂದೆ. "ಆದ್ರೆ ನನ್ನ ಕಥೇಲಿ ಕೊನೆಗೆ ನಾನು ನಿನ್ನ ಎತ್ತಿ ಒಗೀತೀನಿ."

"ಥೂ ಸುಳ್ಳಿ!" ಎಂದು ಒಳಗೆ ಬಂದಳು. ಇಬ್ಬರೂ ಕೂತು ಒಂದೇ ಕಿವಿಯಿಂದ ಯಾರ್ಯಾರು ಎಷ್ಟೆಷ್ಟು ಹೆಸರು ಮಾಡಿಕೊಂಡೆವು ಎಂದು ತಾಳೆ ನೋಡಿದೆವು. ಅವಳದೇ ಹೆಚ್ಚು. ಅದರಲ್ಲೂ ನಾನು ಸೋತೆ.

ಮೈ ತುಂಬಿಕೊಂಡಿತು. ಎತ್ತರವೂ ಆದೆ. ಡಾಕ್ಟರು ಒಪ್ಪಿದ ಮೇಲೆ ಮತ್ತೆ ಮೆಟ್ಟಿಲು ಹತ್ತಿದೆ. ಅಮ್ಮ ಈಗ ಮ್ಯಾಟಿನ ಮೇಲೂ "ಹೊಟ್ಟೆ ಹೇಗಿದೆ?" ಎಂದು ಎಲ್ಲರೆದುರು ಕೇಳುತ್ತಿದ್ದಳು. ಮೊದಮೊದಲು ನೆಲ ಬಿರಿದು ನುಂಗಬಾರದೇ ಅನ್ನಿಸುತ್ತಿತ್ತು. ಆಮೇಲೆ ನನ್ನ ನಂತರ ಎಲ್ಲ ಮಕ್ಕಳನ್ನೂ ಕೇಳತೊಡಗಿದಳು. ಯಾರ ಮಾನವೂ ಉಳಿಯದ ಕಾರಣ ನನ್ನದೊಂದೇ ಹೋಗುವುದು ತಪ್ಪಿತು.

ಮುಂದಿನ ವರ್ಷದ ಪಂದ್ಯ. ಈ ಸಲ ನನಗೆ ಧೈರ್ಯವಿತ್ತು. ಪುಕ್ಕಲುತನವೆಲ್ಲ ಕಾಯಿಲೆಯದು, ಕಾಯಿಲೆ ಹದ್ದುಬಸ್ತಿನಲ್ಲಿದೆ, ಹಾಗಾದರೆ ಒಳಗಿರುವುದು ಬರೀ ಹುಲಿ. ಹೀಗೆ ಲೆಕ್ಕ ಹಾಕಿಕೊಂಡು ಒಳಾಂಗಣಕ್ಕೆ ಹೋದೆ. ಹೆಸರು ಕೂಗುವ ಹೊತ್ತಿಗೆ ಹೊಟ್ಟೆ ತಣ್ಣಗಿತ್ತು, ಒಂದು ಗುಡುಗೂ ಇಲ್ಲ. ಆದರೆ ಅಂಗೈ ಬೆವರುತ್ತಿತ್ತು. ಬಾಯಿ ಒಣಗಿತ್ತು. ಸತ್ಯ ಗೊತ್ತಾಯಿತು: ಕಾಯಿಲೆ ಬೇರೆ, ಹೆದರಿಕೆ ಬೇರೆ. ಎರಡೂ ಇಷ್ಟು ದಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದವು. ಒಂದಕ್ಕೆ ಔಷಧಿ ಸಿಕ್ಕಿತು. ಇನ್ನೊಂದು ಇನ್ನೂ ಅಲ್ಲೇ ಇದೆ.

"ಅಮ್ಮ, ಭಯ ಆಗ್ತಿದೆ" ಅಂದೆ.

"ಹೊಟ್ಟೆನಾ?"

"ಅಲ್ಲ. ಬರೀ ಭಯ."

ಅಮ್ಮನ ಮುಖ ಅರಳಿತು. "ಓ, ಬರೀ ಭಯಾನಾ? ಅದು ನನಗೂ ಆಗ್ತಿತ್ತು. ಹೋಗು."

ಹೋದೆ. ಮ್ಯಾಟಿನ ಮೇಲೆ ನಾನು ಮತ್ತು ರೆಫರಿ ಇಬ್ಬರೇ. ಎದುರಾಳಿ ತೂಕ ಹೆಚ್ಚಾಗಿ ಹೊರಗುಳಿದಿದ್ದಳಂತೆ. ಸ್ವಲ್ಪ ಹೊತ್ತು ಕಾದು, ರೆಫರಿ ನನ್ನ ಕೈ ಮೇಲೆತ್ತಿದರು. ನನ್ನ ಜೀವಮಾನದ ಮೊದಲ ಗೆಲುವು, ಗಾಳಿಯ ಎದುರು! ಗ್ಯಾಲರಿಯಲ್ಲಿ ಇಕ್ಕಳ ಬಿದ್ದು ಬಿದ್ದು ನಗುತ್ತಿದ್ದಳು. ಅಮ್ಮ ಮಾತ್ರ ಸೀಟಿ ಹೊಡೆದು ಚಪ್ಪಾಳೆ ತಟ್ಟುತ್ತಿದ್ದಳು.

ಎರಡನೆಯ ಸುತ್ತಿನಲ್ಲಿ ಎದುರಾಳಿ ಇದ್ದಳು, ಅದೂ ಚೆನ್ನಾಗಿಯೇ ಇದ್ದಳು. ಅವಳು ನನ್ನನ್ನು ಎಡಕ್ಕೆ ಎಳೆದಳು, ಬಲಕ್ಕೆ ಒಗೆದಳು. ಮಧ್ಯೆ ಒಮ್ಮೆ, ಹೇಗೋ ಗೊತ್ತಿಲ್ಲ, ಅವಳ ಕಾಲು ನನ್ನ ಕೈಗೆ ಸಿಕ್ಕಿ ಅವಳು ಕೆಳಗೆ, ನಾನು ಮೇಲೆ ಆದೆ. ಇಬ್ಬರಿಗೂ ಸಮಾನ ಆಶ್ಚರ್ಯ. ನಾನು ಆ ಆಶ್ಚರ್ಯದಲ್ಲೇ ಇರುವಾಗ ಅವಳು ಚೇತರಿಸಿಕೊಂಡು ತಿರುಗಿ ಬಿದ್ದಳು. ಅಂಕಗಳಲ್ಲಿ ಸೋತೆ. ಆದರೆ ಕೊನೆಯ ಸೀಟಿಯವರೆಗೂ ಚಿತ್ ಆಗದೆ ಆಡಿದ್ದೆ. ಎದೆ ಹಾರುತ್ತಿತ್ತು, ಕಾಲಲ್ಲಿ ಕಸುವಿತ್ತು.

ಅಮ್ಮ ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. "ಕಾಲು ಸಿಕ್ಕಿದ ಮೇಲೆ ಎಡ ಮೊಣಕಾಲು ಯಾಕೆ ಊರಿದೆ? ಹೇಳು, ಯಾಕೆ?" ಅಂದಳು. ಬಸ್ಸಿನಲ್ಲಿ ಅದೇ ಮಾತು. ಇಳಿದು ಮನೆಗೆ ನಡೆಯುವಾಗಲೂ ಅದೇ. ಬಾಗಿಲು ತೆರೆದ ಅಪ್ಪ "ಏನಾಯ್ತು?" ಎಂದು ಕೇಳಿದ್ದೇ ತಪ್ಪಾಯಿತು. "ಬಾ ಇಲ್ಲಿ, ನಿಂತ್ಕೋ" ಎಂದು ಅಮ್ಮ ಅವನನ್ನು ಅಡುಗೆಮನೆಯ ನಡುವೆ ನಿಲ್ಲಿಸಿ, ನನಗೆ ತೋರಿಸಲೆಂದು ಅವನ ಕಾಲಿಗೆ ಕೈ ಹಾಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅಪ್ಪ ನೆಲದ ಮೇಲಿದ್ದ.

"ನೋಡಿದ್ಯಾ? ಮೊಣಕಾಲು ಎಲ್ಲಿದೆ ನೋಡು" ಅಂದಳು ಅಮ್ಮ.

"ನೋಡಿದ್ಲು, ನೋಡಿದ್ಲು" ಎಂದ ಅಪ್ಪ ಅಡಿಯಿಂದ. "ಇನ್ನು ಬಿಡು ತಾಯೀ, ಒಲೆ ಮೇಲೆ ಹಾಲಿದೆ."